ಷಿಕಾಗೋ ಪಟ್ಟಣದ ಏಳು ಮೇಲೋಗರ

ವಾಚಕಮಹಾಶಯರಲ್ಲಿ ನನ್ನನ್ನು ಬಲ್ಲವರು ಯಾರಾದರೂ ಇದ್ದರೆ ಈ ಲೇಖನದ ವಿಷಯವನ್ನು ಕಂಡು ಹುಬ್ಬೇರಿಸದೆ ಇರಲಾರರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಕಾರ್ಯವನ್ನೂ ಬಾಯಿಪಾಠ ಮಾಡಿಸಿದ ಮೇಷ್ಟರಿಗೆ ಅಮೆರಿಕಾದವರ ಬೀದಿಯ ತಿಂಡಿಯ ಗೊಡವೆ ಏತಕ್ಕೆಂದು ಅವರು ಕೇಳಿದರೆ ಅದು ನ್ಯಾಯವೇ ಸರಿ. ಆದರೆ ಮೊಮ್ಮಕ್ಕಳು ಒಡ್ಡುವ ಪರೀಕ್ಷೆಗೆ ಪಾಠಪಟ್ಟಿಯೆಂಬುದಿಲ್ಲ. ಅಂತಹ ಒಂದು ಪರೀಕ್ಷೆಗೆ ನಾನು ಕುಳಿತ ಕಥೆಯನ್ನೂ, ಅದರ ನಿಮಿತ್ತದಿಂದ ಕಲಿತ ಒಂದು ಪಾಕವಿಧಾನವನ್ನೂ ಇಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

2023ನೆಯ ಇಸವಿಯ ಬೇಸಗೆಯಲ್ಲಿ ನಾನೂ ನನ್ನ ಮನೆಯವರೂ ಷಿಕಾಗೋ ಪಟ್ಟಣದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಅವಳ ಮಗನಿಗೆ ಆಗ ಒಂಬತ್ತು ವರ್ಷ. ಒಂದು ಸಂಜೆ ಅವನು ನನ್ನ ಕುರ್ಚಿಯ ಬಳಿಗೆ ಬಂದು, ತಾಯಿಗೆ ಕೇಳಿಸದಂತೆ ದನಿ ತಗ್ಗಿಸಿ, “ತಾತ, ಸ್ನೇಹಿತನ ಮನೆಯವರ ಜೊತೆ ಬೇಸ್‌ಬಾಲ್ ಆಟ ನೋಡಲು ಹೋಗಿದ್ದೆನಲ್ಲ, ಅಲ್ಲಿ ಎಲ್ಲರೂ ಹಾಟ್ ಡಾಗ್ ತಿಂದರು. ನಾನೂ ತಿಂದೆ. ಅಮ್ಮನಿಗೆ ಹೇಳಿಲ್ಲ. ಅದು ಪಾಪವೇ?” ಎಂದು ಕೇಳಿದನು.

ನನಗೆ ಕೂಡಲೇ ಉತ್ತರ ತೋಚಲಿಲ್ಲ. ಪಾಪವೆಂದು ಹೇಳಿದರೆ ಮಗು ಇನ್ನು ಮುಂದೆ ನಿಜವನ್ನು ನನ್ನ ಬಳಿಗೆ ತಾರದು. ಏನೂ ಅಲ್ಲವೆಂದು ಹೇಳಿದರೆ ಅವನ ತಂದೆತಾಯಿಗಳು ಪರದೇಶದಲ್ಲಿ ಶ್ರಮಪಟ್ಟು ಉಳಿಸಿಕೊಂಡು ಬಂದಿರುವ ನಡೆವಳಿಕೆಗೆ ಅರ್ಥವೇ ಇಲ್ಲದಂತಾಗುತ್ತದೆ. “ಮೊದಲು ಅಮ್ಮನಿಗೆ ನೀನೇ ಹೇಳು. ನಿನ್ನ ಪ್ರಶ್ನೆಗೆ ನಾನು ಶನಿವಾರ ಉತ್ತರ ಹೇಳುತ್ತೇನೆ” ಎಂದು ಕಾಲಾವಕಾಶವನ್ನು ಪಡೆದೆನು. ಅವನು ಅಂದೇ ಹೇಳಿಬಿಟ್ಟನು. ಮಗಳು ಕೋಪಿಸಿಕೊಳ್ಳಲಿಲ್ಲ. ಆದರೆ ಆ ರಾತ್ರಿ ಎಲ್ಲರೂ ಮಲಗಿದ ಮೇಲೆಯೂ ಅವಳು ಅಡಿಗೆಮನೆಯಲ್ಲಿ ಬಹಳ ಹೊತ್ತು ಒಬ್ಬಳೇ ಪಾತ್ರೆಗಳನ್ನು ಒರೆಸುತ್ತ ನಿಂತಿದ್ದಳು.

ಅವರ ನೆರೆಮನೆಯಲ್ಲಿ ಅಂಚೆಯ ಇಲಾಖೆಯಿಂದ ನಿವೃತ್ತರಾದ ವೃದ್ಧರೊಬ್ಬರಿದ್ದರು. ಷಿಕಾಗೋದಲ್ಲಿಯೇ ಹುಟ್ಟಿ ಬೆಳೆದವರು, ಯೆಹೂದಿ ಮತಸ್ಥರು. ಬೇಲಿಯ ಆಚೆಗೆ ಅವರೂ ಈಚೆಗೆ ನಾನೂ ನಿಂತು ದಿನವೂ ಅಷ್ಟಿಷ್ಟು ಮಾತನಾಡುತ್ತಿದ್ದೆವು. ಆ ವಾರ ನಾನು ಈ ತಿಂಡಿಯ ಪೂರ್ವೋತ್ತರಗಳನ್ನು ಕೇಳಿದೆನು. ಅವರು ಹೇಳಿದುದನ್ನೂ, ಅಲ್ಲಿಯ ಪುಸ್ತಕಭಂಡಾರದಲ್ಲಿ ಓದಿದುದನ್ನೂ ಸೇರಿಸಿ ಸಂಕ್ಷೇಪವಾಗಿ ಹೇಳುವೆನು.

ಮೊದಲು ಹೆಸರಿನ ವಿಚಾರ. ಹಾಟ್ ಡಾಗ್ ಎಂದರೆ ಪದಶಃ ‘ಬಿಸಿ ನಾಯಿ’. ಇದನ್ನು ಕೇಳಿ ನನ್ನ ಮನೆಯವರು ಕಿವಿ ಮುಚ್ಚಿಕೊಂಡರು. ಕೊಚ್ಚಿದ ಮಾಂಸವನ್ನು ತೆಳುವಾದ ಕರುಳಿನ ಚೀಲದಲ್ಲಿ ತುಂಬಿ ಮಾಡುವ ಉದ್ದನೆಯ ಸಾಸೇಜನ್ನು ಬನ್ನಿನಲ್ಲಿಟ್ಟು ಕೊಡುವುದೇ ಈ ತಿಂಡಿ. ಒಳಗೆ ಯಾವ ಮಾಂಸವಿದೆಯೋ ಎಂದು ಅನುಮಾನಿಸಿ ವಿದ್ಯಾರ್ಥಿಗಳು ಮಾಡುತ್ತಿದ್ದ ಹಾಸ್ಯದಿಂದ ಆ ಹೆಸರು ಹರಡಿತು. 1895ರಲ್ಲಿಯೇ ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಅದು ಅಚ್ಚಾಗಿದೆ. ಇದರಲ್ಲಿ ಬೆಚ್ಚುವಂಥದೇನೂ ಇಲ್ಲ. ನಮ್ಮ ‘ಮಂಡಪ’ ಶಬ್ದವನ್ನು ಬಿಡಿಸಿದರೆ ‘ಗಂಜಿ ಕುಡಿಯುವವನು’ ಎಂದಾಗುತ್ತದೆ. ಮದುವೆಯ ಮಂಟಪದಲ್ಲಿ ಕುಳಿತವರು ಯಾರೂ ಗಂಜಿಯನ್ನು ನೆನೆಯುವುದಿಲ್ಲ. ರೂಢಿಯು ಯೋಗಾರ್ಥವನ್ನು ಅಪಹರಿಸುತ್ತದೆಂದು ಶಾಸ್ತ್ರಕಾರರು ಹೇಳುವುದು ಇದನ್ನೇ.

ಇನ್ನು ವಸ್ತುವಿನ ವಿಚಾರ. ಈ ಸಾಸೇಜಿನ ತವರು ಜರ್ಮನಿಯ ಫ್ರಾಂಕ್‌ಫರ್ಟ್ ಮತ್ತು ಆಸ್ಟ್ರಿಯಾದ ವಿಯೆನ್ನಾ ಪಟ್ಟಣಗಳು. ಫ್ರಾಂಕ್‌ಫರ್ಟಿನಲ್ಲಿ ಅದನ್ನು ಹಂದಿಯ ಮಾಂಸದಿಂದ ಮಾಡುತ್ತಾರೆ. ಷಿಕಾಗೋದಲ್ಲಿ 1865ರಿಂದ 1971ರವರೆಗೆ ದನಕರುಗಳ ದೊಡ್ಡ ಮಾರುಕಟ್ಟೆಯೊಂದು ನಡೆಯುತ್ತಿದ್ದು, ಅದರ ಸುತ್ತ ಮಾಂಸದ ಕಾರ್ಖಾನೆಗಳು ಬೆಳೆದವು. 1893ರಲ್ಲಿ ಆ ಊರಿನಲ್ಲಿ ಜಗತ್ಪ್ರದರ್ಶನವು ನಡೆದಾಗ, ಆಸ್ಟ್ರಿಯಾ–ಹಂಗೇರಿಯಿಂದ ವಲಸೆ ಬಂದ ಇಬ್ಬರು ವ್ಯಾಪಾರಿಗಳು ಅಲ್ಲಿ ಶುದ್ಧ ಗೋಮಾಂಸದ ಸಾಸೇಜುಗಳನ್ನು ಮಾರಿದರು. ಆ ಪ್ರದರ್ಶನದ ಅಂಗವಾಗಿ ಸೇರಿದ ಸರ್ವಧರ್ಮ ಸಮ್ಮೇಳನದಲ್ಲಿಯೇ, ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಸೆಪ್ಟೆಂಬರ್ 11ರಂದು ಭಾಷಣ ಮಾಡಿದ್ದು. ಒಂದೇ ಊರು, ಒಂದೇ ವರ್ಷ; ಜಗತ್ತಿಗೆ ಅದು ಕೊಟ್ಟ ಎರಡು ನೆನಪುಗಳು ಎಷ್ಟು ದೂರ!

ಹಂದಿಯನ್ನು ಬಿಟ್ಟು ಗೋಮಾಂಸವನ್ನು ಹಿಡಿದದ್ದು ಏಕೆಂದು ನಾನು ನೆರೆಯವರನ್ನು ಕೇಳಿದೆನು. “ನಮ್ಮ ಧರ್ಮದಲ್ಲಿ ಹಂದಿಯು ನಿಷಿದ್ಧ. ಆ ಕಾಲದಲ್ಲಿ ಮಾರುವವರಲ್ಲಿಯೂ ತಿನ್ನುವವರಲ್ಲಿಯೂ ನಮ್ಮವರು ಅನೇಕರಿದ್ದರು. ಊರಿನ ತಿಂಡಿಯನ್ನು ಬಿಡಲೂ ಮನಸ್ಸಿಲ್ಲ, ಧರ್ಮವನ್ನು ಬಿಡಲೂ ಮನಸ್ಸಿಲ್ಲ, ಒಳಗಿನದನ್ನು ಬದಲಾಯಿಸಿಕೊಂಡರು” ಎಂದು ಅವರು ಬಹು ಸಹಜವಾಗಿ ಹೇಳಿ, ಹುಲ್ಲಿಗೆ ನೀರು ಬಿಡಲು ಹೊರಟುಹೋದರು. ನನಗೆ ಬೇಕಾಗಿದ್ದ ಅರ್ಧ ಉತ್ತರ ಆಗಲೇ ಸಿಕ್ಕಿತು.

ಮಿಕ್ಕ ಅರ್ಧ ಮೇಲೋಗರಗಳಲ್ಲಿತ್ತು. 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಆ ಊರಿನ ತಳ್ಳುಗಾಡಿಯವರು ಐದು ಸೆಂಟಿಗೆ ಒಂದರಂತೆ ಇದನ್ನು ಮಾರುತ್ತ, ಬಡವನ ಹೊಟ್ಟೆ ತುಂಬಲೆಂದು ಮೇಲೆ ತರಕಾರಿಗಳನ್ನು ಒಟ್ಟಿ ಕೊಡುತ್ತಿದ್ದರು. ‘ತೋಟದೊಳಗೆ ಎಳೆದು ತಂದದ್ದು’ ಎಂದು ಅಲ್ಲಿಯವರು ಈಗಲೂ ಹಾಸ್ಯವಾಗಿ ಹೇಳುವುದುಂಟು. ಆ ಮೇಲೋಗರಗಳು ಏಳು: ಹಳದಿ ಸಾಸಿವೆಯ ಗೊಜ್ಜು, ಸೌತೆಕಾಯಿಯ ಸಿಹಿ ತೊಕ್ಕು, ಹೆಚ್ಚಿದ ಈರುಳ್ಳಿ, ಟೊಮೇಟೊ ಹೋಳು, ಹುಳಿಯಲ್ಲಿ ನೆನೆದ ಸೌತೆಯ ಸೀಳು, ಹುಳಿಯಲ್ಲಿ ನೆನೆದ ಸಣ್ಣ ಮೆಣಸಿನಕಾಯಿ, ಸೆಲರಿ ಉಪ್ಪು. ಷಡ್ರಸಗಳನ್ನು ಲೆಕ್ಕಹಾಕಿ ನೋಡಿದೆನು. ಸಿಹಿ, ಹುಳಿ, ಉಪ್ಪು, ಖಾರಗಳು ಸ್ಪಷ್ಟವಾಗಿವೆ, ಸೆಲರಿ ಬೀಜದಲ್ಲಿ ಕಹಿಯ ಸೋಂಕು ಇದೆ, ಒಗರೊಂದೇ ಕಾಣೆ. ಬೇರೆ ಊರುಗಳ ಹಾಟ್ ಡಾಗಿನಿಂದ ಷಿಕಾಗೋದ್ದನ್ನು ಪ್ರತ್ಯೇಕಿಸುವುದು ಈ ಏಳೇ ಆಗಿವೆ, ಏಳೂ ಸಸ್ಯಜನ್ಯವಾದವು! ಶನಿವಾರ ಮನೆಯಲ್ಲಿಯೇ ಮಾಡೋಣವೆಂದು ಮಗಳಿಗೆ ಹೇಳಿದೆನು. “ಅಪ್ಪ, ನೀವೇ ಹೇಳುತ್ತಿದ್ದೀರಾ?” ಎಂದಳು. ನಾನೇ ಹೇಳಿದೆನು.

ಆರು ಮಂದಿಗೆ ನಾವು ಮಾಡಿದ ಕ್ರಮವನ್ನು ಬರೆಯುತ್ತೇನೆ.

ಸಾಸೇಜಿಗೆ ಬದಲಾಗಿ ಕ್ಯಾರೆಟ್. ಬನ್ನಿನಷ್ಟು ಉದ್ದವಾದ, ಹೆಬ್ಬೆರಳಿಗಿಂತ ತುಸು ದಪ್ಪನಾದ 6 ಕ್ಯಾರೆಟ್‌ಗಳನ್ನು ಹೆರೆದು, ತುದಿಗಳನ್ನು ದುಂಡಗೆ ಮಾಡಿ, ಉಪ್ಪು ಹಾಕಿದ ನೀರಿನಲ್ಲಿ 10ರಿಂದ 12 ನಿಮಿಷ ಬೇಯಿಸತಕ್ಕದ್ದು. ಚಾಕುವಿನ ಮೊನೆಯು ಇಳಿಯಬೇಕು, ಆದರೆ ಸ್ವಲ್ಪ ತಡೆಯಬೇಕು. ಇನ್ನೂ ಬೆಂದರೆ ಮುರಿಯುತ್ತವೆ. 1/2 ಬಟ್ಟಲು ನೀರು, 3 ದೊಡ್ಡ ಚಮಚ ಸೋಯಾ ಸಾಸ್, 1 ದೊಡ್ಡ ಚಮಚ ವಿನೆಗರ್, 1/2 ಸಣ್ಣ ಚಮಚ ಕಾಳುಮೆಣಸಿನ ಪುಡಿ, 1 ಸಣ್ಣ ಚಮಚ ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ, ಚಿಟಿಕೆ ಇಂಗು ಇವುಗಳನ್ನು ಬೆರೆಸಿ, ಬೆಂದ ಕ್ಯಾರೆಟ್‌ಗಳನ್ನು ರಾತ್ರಿಯೆಲ್ಲ ಅದರಲ್ಲಿ ನೆನೆಯಲು ತಣ್ಣಗಿಡಬೇಕು. ಅಂಥ ಮೆಣಸಿನ ಪುಡಿ ಸಿಕ್ಕದವರಿಗೆ ಬ್ಯಾಡಗಿ ಮೆಣಸಿನ ಪುಡಿ ಸಾಕು. ಬಣ್ಣವೂ ಬರುತ್ತದೆ, ಖಾರವೂ ಮಿತಿಮೀರದು. ಬಡಿಸುವ ಹೊತ್ತಿಗೆ ಎಣ್ಣೆ ಸವರಿದ ಕಾವಲಿಯ ಮೇಲೆ 5–6 ನಿಮಿಷ ಹೊರಳಿಸಿ ಕೆಂಪಗೆ ಮಾಡಬೇಕು.

ಸಾಸಿವೆಯ ಗೊಜ್ಜಿಗೆ 1/2 ಬಟ್ಟಲು ಹಳದಿ ಸಾಸಿವೆಯ ಪುಡಿಯನ್ನು 3/4 ಬಟ್ಟಲು ತಣ್ಣೀರಿನಲ್ಲಿ ಕದಡಿ, 3/4 ಸಣ್ಣ ಚಮಚ ಉಪ್ಪು, 1/2 ಸಣ್ಣ ಚಮಚ ಅರಿಶಿನ ಹಾಕಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಮುಕ್ಕಾಲು ಗಂಟೆ ಕೈಯಾಡಿಸಬೇಕು. ಗಟ್ಟಿಯಾದ ಮೇಲೆ 1/3 ಬಟ್ಟಲು ವಿನೆಗರ್ ಸೇರಿಸಿ ಇನ್ನು ಹತ್ತು ನಿಮಿಷ ಕಾಯಿಸಿ ಇಳಿಸಬೇಕು. ಸಾಸಿವೆಯ ಘಾಟು ಹುಟ್ಟುವುದು ಪುಡಿಗೆ ತಣ್ಣೀರು ಸೋಕಿದಾಗ. ಬೆಂಕಿಯು ಅದನ್ನು ಸೌಮ್ಯಗೊಳಿಸುತ್ತದೆ. ಅಂಗಡಿಯ ಸೀಸೆಯಲ್ಲಿ ಕಾಣುವ ಉಜ್ವಲವಾದ ಹಳದಿಗೂ ನಮ್ಮ ಅರಿಶಿನವೇ ಕಾರಣವೆಂದು ತಿಳಿದು ನನ್ನ ಮನೆಯವರಿಗೆ ಈ ತಿಂಡಿಯ ಮೇಲೆ ಮೊದಲ ಸಲ ಸ್ವಲ್ಪ ವಿಶ್ವಾಸ ಬಂದಿತು.

ಸಿಹಿ ತೊಕ್ಕಿಗೆ 2 ಎಳೆಯ ಸೌತೆಕಾಯಿಗಳನ್ನು ಸಣ್ಣಗೆ ಕೊಚ್ಚಿ, 1 ಸಣ್ಣ ಚಮಚ ಉಪ್ಪು ಬೆರೆಸಿ ಒಂದು ಗಂಟೆ ಬಿಟ್ಟು, ನೀರನ್ನು ಹಿಂಡಿ, 1/2 ಬಟ್ಟಲು ಸಕ್ಕರೆ, 1/2 ಬಟ್ಟಲು ವಿನೆಗರ್ ಹಾಕಿ ಹತ್ತು ನಿಮಿಷ ಕುದಿಸಬೇಕು. ಷಿಕಾಗೋದಲ್ಲಿ ಮಾರುವ ತೊಕ್ಕು ಗಿಳಿಯ ಬಣ್ಣಕ್ಕಿಂತಲೂ ಹಸಿರಾಗಿರುತ್ತದೆ; ಅದು ಬಣ್ಣ ಬೆರೆಸಿದ ಫಲ. ಮನೆಯದು ಅಷ್ಟು ಹಸಿರಾಗದಿದ್ದರೆ ವ್ಯಸನಪಡಬೇಕಾದುದಿಲ್ಲ. ಸಣ್ಣ ಹಸಿಮೆಣಸಿನಕಾಯಿಗಳನ್ನು ಸೂಜಿಯಿಂದ ಚುಚ್ಚಿ, ಉಪ್ಪು ಬೆರೆಸಿದ ಬಿಸಿ ವಿನೆಗರಿನಲ್ಲಿ ಮೂರು ನಾಲ್ಕು ದಿನ ಮೊದಲೇ ನೆನೆಹಾಕಬೇಕು. ಸೆಲರಿ ಬೀಜ ಒಂದು ಪಾಲು, ಉಪ್ಪು ಎರಡು ಪಾಲು ಕುಟ್ಟಿದರೆ ಸೆಲರಿ ಉಪ್ಪಾಯಿತು. ಈ ಬೀಜವು ನಮ್ಮ ಓಮದ ಕುಲಕ್ಕೇ ಸೇರಿದ್ದು.

ಹುಳಿಸೌತೆಯನ್ನು ಮಾತ್ರ ಅಂಗಡಿಯಿಂದ ತಂದೆವು. ಸೀಸೆಯನ್ನು ತಿರುಗಿಸಿ ನೋಡಿದರೆ ಅದರ ಮೇಲೆ, ಭಾರತದಲ್ಲಿ ಬೆಳೆದದ್ದು ಎಂದು ಅಚ್ಚಾಗಿತ್ತು! ನಮ್ಮ ರೈತರು ಮಿಡಿಸೌತೆಯೆಂದು ಕರೆಯುವ ಬೆಳೆ ಅದು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಇದರ ಬೇಸಾಯವೂ ರಫ್ತೂ ಮೊದಲಾಗಿ, ಆಮೇಲೆ ನೆರೆಯ ಸೀಮೆಗಳಿಗೆ ಹಬ್ಬಿತು. ಕಂಪೆನಿಯವರೊಡನೆ ಮೊದಲೇ ಕರಾರು ಮಾಡಿಕೊಂಡು ಸಣ್ಣ ಹಿಡುವಳಿದಾರರು ಬೆಳೆಯುತ್ತಾರೆ. ಬೆರಳುಗಾತ್ರಕ್ಕೆ ಬಂದೊಡನೆ ಕೀಳಬೇಕಾದ ಕಾಯಿಯಾದುದರಿಂದ ಕೊಯ್ಲಿನ ಕಾಲದಲ್ಲಿ ಮನೆಮಂದಿಗೆಲ್ಲ ಬಿಡುವಿಲ್ಲ. ಯಾವ ರೈತಗಿತ್ತಿ ಯಾವ ಬೆಳಗಿನ ಜಾವದಲ್ಲಿ ಕಿತ್ತಳೋ ಆ ಕಾಯಿಯು ಸಮುದ್ರಗಳನ್ನು ದಾಟಿ ನನಗಿಂತ ಮೊದಲೇ ಷಿಕಾಗೋ ಸೇರಿತ್ತು. ಸೌತೆಯೂ ಅರಿಶಿನವೂ ನಮ್ಮ ದೇಶದಿಂದ ಅತ್ತ ಹೋದವು. ಮೆಣಸಿನಕಾಯಿಯೂ ಟೊಮೇಟೊವೂ ಅಮೆರಿಕಾ ಖಂಡದಿಂದ ಇತ್ತ ಬಂದು ನಮ್ಮ ಸಾರಿಗೆ ಬಿದ್ದವು. ಊಟದ ವಿಷಯದಲ್ಲಿ ಸ್ವದೇಶ ಪರದೇಶಗಳ ಗಡಿಯನ್ನು ಗೆರೆ ಎಳೆದು ತೋರಿಸುವುದು ಸುಲಭವಲ್ಲ.

ಶನಿವಾರ ಮಧ್ಯಾಹ್ನ ನೆರೆಮನೆಯವರನ್ನೂ ಕರೆದೆವು. ಮೊಮ್ಮಗನು ಅವರ ಹೇಳಿಕೆಯಂತೆ ಕಟ್ಟತೊಡಗಿದನು. ಗಸಗಸೆ ಅಂಟಿಸಿದ ಬನ್ನುಗಳನ್ನು ಒಂದು ನಿಮಿಷ ಹಬೆಯಲ್ಲಿಟ್ಟು ಮೆತ್ತಗೆ ಮಾಡಿದೆವು. ಅದಕ್ಕೆ ಮಗಳ ಇಡ್ಲಿಪಾತ್ರೆಯೇ ಒದಗಿತು. ಗಸಗಸೆಯ ಬನ್ನು ಸಿಕ್ಕದ ಊರಿನವರು ಬರಿಯ ಬನ್ನನ್ನು ಹಬೆಯಲ್ಲಿಟ್ಟು, ಹುರಿದ ಗಸಗಸೆಯನ್ನು ಸಾಸಿವೆಯ ಮೇಲೆ ಉದುರಿಸಿಕೊಳ್ಳಬಹುದು. ಬನ್ನನ್ನು ಉದ್ದಕ್ಕೆ ಸೀಳಿ ಕ್ಯಾರೆಟ್ಟನ್ನು ಇಟ್ಟು, ಮೊದಲು ಸಾಸಿವೆ, ಆಮೇಲೆ ತೊಕ್ಕು, ಆಮೇಲೆ ಈರುಳ್ಳಿ. ಒಂದು ಪಕ್ಕದಲ್ಲಿ ಎರಡು ಟೊಮೇಟೊ ಹೋಳು, ಇನ್ನೊಂದು ಪಕ್ಕದಲ್ಲಿ ಸೌತೆಯ ಸೀಳು. ಮೇಲೆ ಎರಡು ಮೆಣಸಿನಕಾಯಿ. ಕಡೆಗೆ ಚಿಟಿಕೆ ಸೆಲರಿ ಉಪ್ಪು. ಕ್ರಮ ತಪ್ಪಬಾರದು.

ಅಷ್ಟರಲ್ಲಿ ನಾನು ಮೇಜಿನ ಮೇಲಿದ್ದ ಟೊಮೇಟೊ ಕೆಚಪ್ಪಿನ ಸೀಸೆಗೆ ಕೈಹಾಕಿದೆನು. ಮೊಮ್ಮಗನೂ ನೆರೆಯವರೂ ಏಕಕಂಠದಿಂದ “ಬೇಡ!” ಎಂದರು. ಷಿಕಾಗೋದಲ್ಲಿ ಅದು ಮಹಾಪರಾಧ. ವಿಚಾರಿಸಿ ನೋಡಿದರೆ ನಿಷೇಧಕ್ಕೆ ಕಾರಣವೂ ಉಂಟು: ಸಿಹಿಯು ತೊಕ್ಕಿನಲ್ಲಿ ಆಗಲೇ ಇದೆ, ಟೊಮೇಟೊ ಹಸಿಯಾಗಿಯೇ ಇದೆ, ಕೆಚಪ್ಪು ಬಿದ್ದರೆ ಸಾಸಿವೆಯ ದನಿ ಅಡಗುತ್ತದೆ. ಹಾಟ್ ಡಾಗ್ ವ್ಯಾಪಾರಕ್ಕಾಗಿಯೇ ಆ ದೇಶದಲ್ಲಿರುವ ರಾಷ್ಟ್ರೀಯ ಮಂಡಲಿಯೊಂದು, ಹದಿನೆಂಟು ವರ್ಷ ದಾಟಿದವರು ಕೆಚಪ್ಪು ಹಾಕಿಕೊಳ್ಳಬಾರದೆಂದು ಶಿಷ್ಟಾಚಾರವನ್ನು ಗೊತ್ತುಮಾಡಿದೆಯೆಂದು ನೆರೆಯವರು ನಗುತ್ತ ಹೇಳಿದರು. ಮಕ್ಕಳಿಗೆ ಮಾಫಿ ಉಂಟಂತೆ.

ಅದನ್ನು ಕೇಳಿ ನನ್ನ ಉತ್ತರ ಪೂರ್ಣವಾಯಿತು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆನು: “ಮಗು, ಉಪನಯನಕ್ಕೆ ಮುಂಚೆ ಮಕ್ಕಳ ನಡೆ, ನುಡಿ, ಊಟಗಳಿಗೆ ನಮ್ಮ ಧರ್ಮಸೂತ್ರಗಳಲ್ಲಿ ಗೌತಮರು ಸ್ವಾತಂತ್ರ್ಯ ಕೊಟ್ಟಿದ್ದಾರೆ. ಆದುದರಿಂದ ನೀನು ತಿಂದದ್ದು ಪಾಪವಲ್ಲ. ಬಚ್ಚಿಟ್ಟದ್ದು ತಪ್ಪು; ಅದನ್ನು ನೀನೇ ತಿದ್ದಿಕೊಂಡೆ. ದೊಡ್ಡವನಾದ ಮೇಲೆ ಏನು ತಿನ್ನಬೇಕೆಂಬುದನ್ನು ನೀನೇ ನಿಶ್ಚಯಿಸುವೆ, ಆಗ ತಾತ ಇರುತ್ತಾನೋ ಇಲ್ಲವೋ. ನಮ್ಮ ಮನೆಯಲ್ಲಿ ಒಂದು ಪ್ರಾಣಿಯನ್ನು ಕೊಂದು ಊಟಮಾಡಬಾರದೆಂದು ತಲೆಮಾರುಗಳಿಂದ ಇಟ್ಟುಕೊಂಡು ಬಂದಿದ್ದೇವೆ. ಅದನ್ನು ತಿಳಿದುಕೊಂಡು ನಿಶ್ಚಯಿಸು, ಅಷ್ಟೇ.” ಅವನು ತಲೆಯಾಡಿಸಿ, “ಸ್ನೇಹಿತರು ಬಂದಾಗ ಇದನ್ನೇ ಮಾಡೋಣವೇ?” ಎಂದು ತಾಯಿಯ ಕಡೆಗೆ ನೋಡಿದನು. ಮಗಳು ಮಾತನಾಡದೆ ಅವನ ತಟ್ಟೆಗೆ ಇನ್ನೊಂದನ್ನು ಇಟ್ಟಳು.

ನೆರೆಯವರು ಕ್ಯಾರೆಟ್ಟನ್ನು ಮೊದಲು ಸಂಶಯದಿಂದ ನೋಡಿ, ಆಮೇಲೆ ಎರಡನ್ನು ತಿಂದು, ಸೆಲರಿ ಉಪ್ಪು ಸಾಲದೆಂದು ದೋಷ ಹೇಳಿದರು. ಅನಂತರ ನನ್ನ ತಟ್ಟೆಯ ಕಡೆಗೆ ಬಗ್ಗಿ, “ನಿಮ್ಮದರಲ್ಲಿ ಈರುಳ್ಳಿ ಎಲ್ಲಿ?” ಎಂದು ಕೇಳಿದರು. ನಾನು ಈರುಳ್ಳಿ ತಿನ್ನುವ ಪದ್ಧತಿಯಿಲ್ಲವೆಂದು ಒಪ್ಪಿಕೊಂಡೆನು. ಅವರು ಕ್ಷಣಕಾಲ ಯೋಚಿಸಿ, “ಹಾಗಾದರೆ ನಿಮಗೆ ಏಳಕ್ಕೆ ಆರು” ಎಂದರು. ಜೀವಮಾನವೆಲ್ಲ ಅಂಕಗಳನ್ನು ಕೊಟ್ಟವನು ನಾನು. ಈ ಆರನ್ನು ಸಂತೋಷದಿಂದ ತೆಗೆದುಕೊಂಡೆನು.