ಸಿರಿಂಜಿನ ತುದಿಯಲ್ಲಿ ಉಳಿಯುವ ಹನಿ

ಚುಚ್ಚಿಕೊಳ್ಳುವ ನಶೆ ಎಂದರೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದ ಹೆರಾಯಿನ್. ಬೆಂಗಳೂರಿನ ವ್ಯಸನ ಚಿಕಿತ್ಸಕರನ್ನೂ ಪೊಲೀಸರನ್ನೂ ಈಚಿನ ವರ್ಷಗಳಲ್ಲಿ ಕಾಡುತ್ತಿರುವುದು ಪುಡಿಮಾಡಿ ಚುಚ್ಚಿಕೊಳ್ಳುವ, ಔಷಧ ಅಂಗಡಿಯ ಮಾತ್ರೆ. ಹೆಸರು ಟ್ಯಾಪೆಂಟಡಾಲ್. ತೀವ್ರ ನೋವಿಗೆ ವೈದ್ಯರು ಬರೆದುಕೊಡುವ, ಅಫೀಮಿನಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವ ಔಷಧ ಇದು. ಇದರ ಹತ್ತಿರದ ನೆಂಟ ಟ್ರಮಡಾಲ್ 2018ರಲ್ಲಿ ಮಾದಕವಸ್ತು ಕಾಯ್ದೆಯ ಹಿಡಿತಕ್ಕೆ ಬಂತು. ಟ್ಯಾಪೆಂಟಡಾಲ್ ಆಗ ಹೊರಗೇ ಉಳಿಯಿತು.

ಮಾತ್ರೆ ಮಾಡಿರುವುದು ಹೊಟ್ಟೆಗೆ, ರಕ್ತನಾಳಕ್ಕಲ್ಲ. ಔಷಧದ ಜೊತೆ ಅದರಲ್ಲಿ ಟಾಲ್ಕ್, ಸೆಲ್ಯುಲೋಸ್, ಪಿಷ್ಟದಂಥ ಪುಡಿಗಳಿರುತ್ತವೆ. ನುಂಗಿದರೆ ಅವುಗಳಿಂದ ತೊಂದರೆಯಿಲ್ಲ. ಚುಚ್ಚಿಕೊಂಡರೆ ಕರಗದ ಕಣಗಳು ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅವುಗಳ ಸುತ್ತ ಗಂಟು ಬೆಳೆದು, ಕ್ರಮೇಣ ನಾಲ್ಕು ಮೆಟ್ಟಿಲು ಹತ್ತಿದರೂ ಉಸಿರು ಸಿಕ್ಕದ ಸ್ಥಿತಿ ಬರಬಹುದು. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಹೊಕ್ಕರೆ ತೋಳಿನಲ್ಲಿ ಕೀವುಗಡ್ಡೆ ಏಳುತ್ತದೆ. ಹೃದಯದ ಕವಾಟದ ಮೇಲೆ ಕೂತರೆ ಜೀವಕ್ಕೇ ಸಂಚಕಾರ. ಚುಚ್ಚಿಕೊಳ್ಳುವವರಿಗೆ ಬಿಡದೆ ಜ್ವರ ಬಂದರೆ ಅದನ್ನು ಮಾಮೂಲಿ ವೈರಲ್ ಎಂದು ತಳ್ಳಿಹಾಕಬಾರದು.

ಇನ್ನು ಹಂಚಿಕೊಳ್ಳುವ ಸಿರಿಂಜಿನ ವಿಷಯ. ಅದರ ದಂಡವನ್ನು ಪೂರ್ತಿ ಒತ್ತಿದರೂ ತುದಿಯಲ್ಲಿ, ಸೂಜಿ ಕೂಡುವ ಜಾಗದಲ್ಲಿ, ಒಂದಿಷ್ಟು ದ್ರವ ಉಳಿದೇ ಉಳಿಯುತ್ತದೆ. ಬಿಡಿ ಸೂಜಿ ಸಿಕ್ಕಿಸುವ ಸಿರಿಂಜಿನಲ್ಲಿ ಈ ಉಳಿಕೆ ಹೆಚ್ಚು. ಸೂಜಿ ಸೇರಿಯೇ ಬರುವ ಇನ್ಸುಲಿನ್ ಸಿರಿಂಜಿನಲ್ಲಿ ತೀರಾ ಕಡಿಮೆ. ಬಿಡಿ ಸೂಜಿಯ ಸಿರಿಂಜಿನಲ್ಲಿ ಉಳಿದ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ 63 ದಿನಗಳವರೆಗೆ ಜೀವಂತವಾಗಿದ್ದುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಎಚ್‌ಐವಿಯೂ ವಾರಗಟ್ಟಲೆ ಉಳಿಯಬಲ್ಲದು. ಸಿರಿಂಜ್ ಬೇರೆಯಾದರೂ ಪುಡಿ ಕಲಸುವ ಚಮಚ, ಸೋಸುವ ಹತ್ತಿ, ನೀರು ಒಂದೇ ಆಗಿದ್ದರೆ ಸೋಂಕಿಗೆ ದಾರಿ ತೆರೆದೇ ಇರುತ್ತದೆ. 2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಚುಚ್ಚಿಕೊಳ್ಳುವವರಲ್ಲಿ ಶೇ 6ಕ್ಕೂ ಹೆಚ್ಚು ಮಂದಿಗೆ ಎಚ್‌ಐವಿ ಇತ್ತು. ದೇಶದ ಒಟ್ಟು ವಯಸ್ಕರಲ್ಲಿ ಅದು ಶೇ 0.2ರ ಆಸುಪಾಸು.

ಹಾಗಾದರೆ ಶುದ್ಧ ಸೂಜಿ ಕೊಡುವುದೇ? ನಶೆಗೆ ಸರ್ಕಾರವೇ ಕುಮ್ಮಕ್ಕು ಕೊಟ್ಟಂತಲ್ಲವೇ? ಆಮ್‌ಸ್ಟರ್‌ಡ್ಯಾಮಿನಲ್ಲಿ 1984ರಲ್ಲಿ ಸೂಜಿ ವಿನಿಮಯ ಶುರುವಾದಾಗಿನಿಂದ ಈ ಪ್ರಶ್ನೆ ಇದೆ. ಸೋಂಕು ತಗ್ಗುತ್ತದೆ, ನಶೆ ಮಾಡುವವರ ಸಂಖ್ಯೆ ಏರುವುದಿಲ್ಲ ಎಂಬುದು ಅಂದಿನಿಂದ ನಡೆದ ಅಧ್ಯಯನಗಳ ಉತ್ತರ. ನಮ್ಮ ಕಾನೂನೂ ಇದನ್ನು ಒಪ್ಪಿದೆ. 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸೋಂಕು ತಡೆಯುವ ಇಂಥ ಕೆಲಸ ಅಪರಾಧವಲ್ಲ. ಹಳೆ ಸೂಜಿ ಪಡೆದು ಹೊಸದು ಕೊಡುವ ಕಾರ್ಯಕರ್ತರ ಉದಾಹರಣೆ ಕಾಯ್ದೆಯಲ್ಲೇ ಇದೆ.

ಸೂಜಿಯನ್ನೇ ಬಿಡಿಸುವ ಔಷಧವೂ ಉಂಟು. ನಾಲಗೆಯಡಿ ಇಡುವ ಬ್ಯೂಪ್ರೆನಾರ್ಫಿನ್ ಅಫೀಮಿನಂಥ ಔಷಧಗಳು ಹಿಡಿಯುವ ಮಿದುಳಿನ ಅದೇ ಗ್ರಾಹಿಗಳನ್ನು ಅರೆಬರೆಯಾಗಿ ತುಂಬುತ್ತದೆ. ನಶೆ ಬಿಟ್ಟಾಗ ಕಾಡುವ ಮೈಕೈ ನೋವು, ಭೇದಿ, ನಿದ್ದೆಗೇಡು ತಗ್ಗುತ್ತವೆ, ಅಮಲು ಏರುವುದಿಲ್ಲ. ತೊಡಕಿರುವುದು ದೂರದಲ್ಲಿ. ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯ ಪದ್ಧತಿ ಎಂದರೆ ಸಿಬ್ಬಂದಿಯ ಕಣ್ಣೆದುರು ದಿನವೂ ಮಾತ್ರೆ ತೆಗೆದುಕೊಳ್ಳುವುದು. ವ್ಯಸನ ಚಿಕಿತ್ಸೆಗೆ ಹೆಸರಾದ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಯಲಹಂಕದ ಕೂಲಿಯವನು ಹೆಬ್ಬಾಳದ ಜಾಮ್ ದಾಟಿ ದಿನವೂ ಅಷ್ಟು ದೂರ ಹೋಗಿಬಂದರೆ ಅವನಿಗೆ ಕೆಲಸ ಕೊಡುವವರು ಯಾರು? 2020ರ ಕೋವಿಡ್ ಕಾಲದಲ್ಲಿ ಕೆಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡಲು ಅನುಮತಿ ಸಿಕ್ಕಿತ್ತು. ಯಶವಂತಪುರ, ಆರ್.ಟಿ. ನಗರದಂಥ ಕಡೆಗಳ ಸರ್ಕಾರಿ ಆಸ್ಪತ್ರೆಗಳಲ್ಲೇ ಈ ಔಷಧ ಸಿಗುವಂತಾದರೆ ಅರ್ಧ ತೊಡಕು ಬಗೆಹರಿಯುತ್ತದೆ ಎಂಬುದು ನನ್ನ ಲೆಕ್ಕ.

ಟ್ಯಾಪೆಂಟಡಾಲ್‌ನಂಥ ನಶೆ ಮಿತಿ ಮೀರಿದಾಗ ಉಸಿರು ನಿಧಾನವಾಗಿ ತುಟಿ ನೀಲಿಗಟ್ಟುತ್ತದೆ. ಮದ್ಯವೋ ನಿದ್ದೆಮಾತ್ರೆಯೋ ಜೊತೆಗಿದ್ದರೆ ಇನ್ನೂ ಬೇಗ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾರೆಂದು ಮುಚ್ಚಿಡದೆ ಹೇಳಿ. ಆಸ್ಪತ್ರೆಯಲ್ಲಿ ಕೊಡುವ ನಲಾಕ್ಸೋನ್ ನಿಮಿಷಗಳಲ್ಲೇ ಉಸಿರು ಮರಳಿಸಬಲ್ಲದು.

ಹಿಂದೆಂದೋ ಒಮ್ಮೆ ಸೂಜಿ ಹಂಚಿಕೊಂಡವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಪಟೈಟಿಸ್ ಸಿ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ. ಎಚ್‌ಐವಿ ಕುರಿತು ಕೇಳಲು 1097, ವ್ಯಸನ ಬಿಡಲು ನೆರವಿಗೆ 14446. ಎರಡೂ ಉಚಿತ ಕರೆಗಳು.