ಹಸುವಿನ ಬಾಯಿಗೆ ಕೈ ಹಾಕುವ ಮುಂಚೆ

ನಮ್ಮದು ಗುಬ್ಬಿ ತಾಲ್ಲೂಕಿನ ಒಣಬೇಸಾಯ. ರಾಗಿ, ಹುರುಳಿ, ಒಂದಿಷ್ಟು ತೆಂಗು, ಎರಡು ಹಸು. ಹೊಲ ಕಾಯಲು ನಾಯಿ ಬೇಕೇ ಬೇಕು. ಅದಕ್ಕೆ ಹೊತ್ತುಹೊತ್ತಿಗೆ ಮುದ್ದೆ ಹಾಕಿದರೆ ಮುಗಿಯಿತು ಅಂತ ನಾನೂ ತಿಳಿದಿದ್ದೆ.

ಎಂಟು ವರ್ಷದ ಹಿಂದಿನ ಮಾತು. ಕಣದ ಕಾಲದಲ್ಲಿ ಎಲ್ಲಿಂದಲೋ ಬಂದ ನಾಯಿ ನಮ್ಮ ನಾಯಿಯನ್ನು ಕಚ್ಚಿ, ಕೊಟ್ಟಿಗೆಗೆ ನುಗ್ಗಿ ಹಸುವಿನ ಮೂತಿಗೂ ಬಾಯಿ ಹಾಕಿತು. ಅರಿಶಿನ ಮೆತ್ತಿ ಸುಮ್ಮನಾದೆ. ಸ್ವಲ್ಪ ದಿನಕ್ಕೆ ನಮ್ಮ ನಾಯಿ ಮನೆ ಬಿಟ್ಟು ಹೋಯಿತು. ಎಲ್ಲಿ ಯಾರನ್ನು ಕಚ್ಚಿತೋ ಇವತ್ತಿಗೂ ಗೊತ್ತಿಲ್ಲ. ಒಂದೂವರೆ ತಿಂಗಳಿಗೆ ಹಸು ಮೇವು ಬಿಟ್ಟಿತು. ಜೊಲ್ಲು ಸುರಿಸುತ್ತಾ ಒಡಕು ದನಿಯಲ್ಲಿ ಅರಚತೊಡಗಿತು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ನಾನು ಮೊಣಕೈವರೆಗೆ ಕೈ ಹಾಕಿ ತಡಕಿದೆ. ಏನೂ ಸಿಗಲಿಲ್ಲ. ಪಶುವೈದ್ಯರು ದೂರದಿಂದ ನೋಡಿ, 'ಹುಚ್ಚುನಾಯಿ ರೋಗ ಕಣಪ್ಪ, ಕೈಯಲ್ಲಿ ತರಚು ಗಾಯ ಇದೆಯಾ?' ಅಂದರು. ಗರಿ ಸೀಳುವ ಕೈ, ಇಲ್ಲದೆ ಇರುತ್ತದೆಯೇ! ನಾಲ್ಕನೇ ದಿನಕ್ಕೆ ಹಸು ಸತ್ತಿತು. ನಾನೂ, ಅದರ ಬಾಯಿಗೆ ಗಂಜಿ ಹಿಡಿದಿದ್ದ ನಮ್ಮ ಮನೆಯವಳೂ ತುಮಕೂರಿಗೆ ಓಡಿ ಸೂಜಿ ಹಾಕಿಸಿಕೊಂಡೆವು.

ಜೊಲ್ಲಿನಲ್ಲಿರುವ ವೈರಸ್ಸು ಗಾಯದಿಂದ ನರ ಹಿಡಿದು ಮೆಲ್ಲಗೆ ಮಿದುಳಿಗೆ ಹೋಗುತ್ತದೆ. ಅಲ್ಲಿಯವರೆಗೆ ಹೊರಗೆ ಏನೂ ಕಾಣುವುದಿಲ್ಲ. ಲಕ್ಷಣ ಕಂಡ ಮೇಲೆ ಮನುಷ್ಯನಿಗಾಗಲಿ ದನಕ್ಕಾಗಲಿ ಮದ್ದಿಲ್ಲ. ನಡುವಿನ ಆ ಬಿಡುವೇ ನಮ್ಮ ಕೈಲಿರುವುದು. ಕಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ ಬೇಡ. ಹೊಕ್ಕುಳ ಸುತ್ತ 14 ಸೂಜಿಯ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ತೋಳಿಗೇ ಹಾಕುತ್ತಾರೆ. ಮೊದಲ ದಿನ, ಆಮೇಲೆ 3, 7, 28ನೇ ದಿನ. ಗಾಯ ಆಳವಿದ್ದರೆ ಗಾಯದ ಸುತ್ತಲೂ ಬೇರೆ ಮದ್ದು ಚುಚ್ಚುತ್ತಾರೆ. ಅದನ್ನು ಕೇಳಿ ಹಾಕಿಸಿಕೊಳ್ಳಿ. ದನಕ್ಕೆ ಕಚ್ಚಿದರೂ ಅವತ್ತೇ ಪಶು ಆಸ್ಪತ್ರೆಗೆ ತಿಳಿಸಬೇಕು. ಅದಕ್ಕೂ ಸಾಲಾಗಿ ಸೂಜಿ ಇದೆ.

ಕುಣಿಗಲ್ ಕಡೆಯ ನೆಂಟರೊಬ್ಬರು ನಾಯಿ ಕಚ್ಚಿದಾಗ ಸೊಪ್ಪಿನ ರಸ ಕುಡಿದೇ ಗುಣವಾಯಿತು ಅನ್ನುತ್ತಾರೆ. ಕಚ್ಚಿದ ನಾಯಿಗೆ ರೋಗವೇ ಇಲ್ಲದಿದ್ದರೆ ಮಜ್ಜಿಗೆ ಕುಡಿದರೂ ಗುಣವೇ!

ಇಷ್ಟೆಲ್ಲಾ ಆಗಿದ್ದು ನಾಯಿಗೆ ಒಂದು ಸೂಜಿ ಹಾಕಿಸದೆ. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ಬೆಕ್ಕಿಗೂ ಹಾಕಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಸೂಜಿ ಹಾಕಿದ ನಾಯಿಗೂ ಹುಚ್ಚುನಾಯಿ ಕಚ್ಚಿದರೆ ಮತ್ತೆ ತೋರಿಸಬೇಕು. ಔಷಧಿ ಅಂಗಡಿಯಿಂದ ನೀವೇ ತರುವುದಾದರೆ ಐಸ್ ತುಂಬಿದ ಥರ್ಮಾಸಿನಲ್ಲಿ ತನ್ನಿ. 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಅಂಗಿ ಜೇಬಿನಲ್ಲಿ ಬಸ್ಸಿಗೆ ತಂದ ಮದ್ದು ನೀರಿಗೆ ಸಮ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಶಿಬಿರ ನಡೆಸುವುದುಂಟು, ವಿಚಾರಿಸಿ. ನಮ್ಮ ಬೀದಿಯ ಆರು ಮನೆಯವರು ಈಗ ಒಟ್ಟಿಗೇ ಹೋಗುತ್ತೇವೆ. ಮೂತಿಗೆ ಬಟ್ಟೆ ಕಟ್ಟಿ ಹಿಡಿಯಲು ಒಬ್ಬರಿಗೊಬ್ಬರು ಆಗುತ್ತೇವೆ. ನಾಯಿ ಹಿಡಿಯುವುದಕ್ಕಿಂತ ಅದನ್ನು ಟೆಂಪೋ ಹತ್ತಿಸುವುದೇ ಕಷ್ಟ.