ವರ್ಚುವಲ್ ತರಗತಿ: ಅಧ್ಯಾಪಕರಿಗೆ ಬೇಕಾದ ಕೌಶಲ

ಕಮರಿಪೇಟೆಯ ಅಂಗಡಿಗೆ ನಾಳೆ ಲೆಕ್ಕ ಬರೆಯಲು ಬರುವವನು ಇಂದಿನ ಬಿ.ಕಾಂ. ವಿದ್ಯಾರ್ಥಿ. ಆದುದರಿಂದ ಅವನಿಗೆ ಪಾಠ ಹೇಗೆ ತಲುಪುತ್ತದೆಂಬುದು ವರ್ತಕರಿಗೂ ಸಂಬಂಧಿಸಿದ ವಿಷಯ.

ದೂರಪಾಠವು ಈ ಭಾಗಕ್ಕೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಉಡಾವಣೆಯಾದ ಬಳಿಕ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಅದರ ಮೂಲಕ ತನ್ನ ಕಾಲೇಜುಗಳಿಗೆ ಪಾಠಗಳನ್ನು ಪ್ರಸಾರ ಮಾಡಿತು. ಆಗ ಯಂತ್ರಗಳನ್ನು ನೋಡಿಕೊಳ್ಳಲು ತಂತ್ರಜ್ಞರಿದ್ದರು. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಆ ಹೊಣೆಯೂ ಅಧ್ಯಾಪಕರ ಮೇಲೆಯೇ ಬಿದ್ದಿತು.

ಝೂಮ್ ಅಥವಾ ಗೂಗಲ್ ಮೀಟ್ ತೆರೆಯುವುದು ಅರ್ಧ ದಿನದ ಕಲಿಕೆ. ಕಠಿಣವಾದುದು ಬೇರೆ. ಅಂತಿಮ ಲೆಕ್ಕಗಳ ಹೊಂದಾಣಿಕೆಗಳನ್ನು ಸಿದ್ಧ ಸ್ಲೈಡಿನಲ್ಲಿ ತೋರಿಸಿದರೆ ಉತ್ತರ ಕಾಣುತ್ತದೆ, ಅದು ಬಂದ ಬಗೆ ಕಾಣುವುದಿಲ್ಲ. ಎಕ್ಸೆಲ್ ಹಾಳೆಯನ್ನು ಪರದೆಯ ಮೇಲೆ ತೆರೆದು ಡೆಬಿಟ್, ಕ್ರೆಡಿಟ್ ಮೊತ್ತಗಳನ್ನು ವಿದ್ಯಾರ್ಥಿಗಳ ಎದುರಿನಲ್ಲಿಯೇ ತುಂಬಬೇಕು. ತಪ್ಪಾದರೆ ಅಲ್ಲಿಯೇ ತಿದ್ದಬೇಕು. ಜಿ.ಎಸ್.ಟಿ.ಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ಹೀಗೆಯೇ ಮನದಟ್ಟಾಗತಕ್ಕದ್ದು. ನಡುನಡುವೆ ಗೂಗಲ್ ಫಾರ್ಮ್‌ನಲ್ಲಿ ಒಂದು ಲೆಕ್ಕ ಕೇಳಿದರೆ ಹಿಂದುಳಿದವರು ಯಾರೆಂದು ತಿಳಿಯುತ್ತದೆ. ಕ್ಯಾಮೆರಾ ಮುಚ್ಚಿದ ಅರವತ್ತು ಹೆಸರುಗಳು ಹಾಜರಿ ಪುಸ್ತಕಕ್ಕೆ ಸಾಕು, ಅಷ್ಟೇ.

ಮೊಬೈಲಿನಲ್ಲಿ ನೋಡುವವರಿಗಾಗಿ ಅಂಕಿಗಳು ದೊಡ್ಡದಾಗಿಯೂ ಮುದ್ರಿತ ಪಾಠಗಳು ಚಿಕ್ಕ ತುಣುಕುಗಳಾಗಿಯೂ ಇರುವುದು ಅವಶ್ಯ. ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿರುವ ವರ್ತಕರು ಕಂಪ್ಯೂಟರ್ ಖರೀದಿಗೆ ಮಂಜೂರು ಮಾಡುವ ಹಣದಲ್ಲಿ ಒಂದು ಪಾಲನ್ನು ಈ ತರಬೇತಿಗೆ ತೆಗೆದಿರಿಸುವುದು ಸೂಕ್ತ.